ಅಕ್ಕನ ಐದು ಖಣ

ನಮ್ಮ ಕಡೆಯ ಹಳಬರು ಮನೆಯನ್ನು ಕೋಣೆಯಿಂದ ಎಣಿಸುತ್ತಿರಲಿಲ್ಲ, ಖಣದಿಂದ ಎಣಿಸುತ್ತಿದ್ದರು. ಎರಡು ತೊಲೆಗಳ ನಡುವಿನ ಜಾಗಕ್ಕೆ ಒಂದು ಖಣ ಎಂದು ಹೆಸರು. ಬಡವರದು ಮೂರು ಖಣದ ಮನೆ, ಉಂಡುಟ್ಟು ಇದ್ದವರದು ಐದು ಖಣದ್ದು, ಸಾಹುಕಾರರದಾದರೆ ಕೇಳುವುದೇ ಬೇಡ, ಎಣಿಸುತ್ತ ಹೋದರೆ ಕುತ್ತಿಗೆ ನೋಯುತ್ತಿತ್ತು. ಮನೆತನ ನೋಡಲು ಬಂದ ಬೀಗರು ಚಹಾ ಕುಡಿಯುತ್ತ ಮೆಲ್ಲಗೆ ತಲೆ ಎತ್ತಿ ತೊಲೆ ಎಣಿಸುತ್ತಿದ್ದರೇ ಹೊರತು, ಇದು ಅಡುಗೆಮನೆಯೋ ಮಲಗುವ ಮನೆಯೋ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ಹೇಳುವುದಾದರೂ ಏನು? ರಾಶಿಯ ಕಾಲಕ್ಕೆ ಒಂದು ಖಣದ ತುಂಬ ಜೋಳದ ಚೀಲ. ಮಗಳು ಬಾಣಂತನಕ್ಕೆ ಬಂದರೆ ಅದೇ ಖಣಕ್ಕೆ ಹಳೆ ಸೀರೆಯ ಪರದೆ. ಮಗು ತೊಟ್ಟಿಲು ಬಿಟ್ಟು ಅಂಬೆಗಾಲಿಟ್ಟ ಮೇಲೆ ಪರದೆ ಬಿಚ್ಚಿ ಮುದುಕ ಮುತ್ಯಾನ ಹಾಸಿಗೆ. ನಮ್ಮ ಮುತ್ಯಾ ಹೇಳುತ್ತಿದ್ದ ಮಾತು ಇದು: "ಖಣ ಅಂದ್ರ ಖಾಲಿ ಜಗಾ ಅಲ್ಲೋ ತಮ್ಮಾ. ತಯಾರ್ ನಿಂತ ಜಗಾ."

ನನ್ನದು ಹುಮನಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ, ಗರ್ಡರು, ಸಿಮೆಂಟಿನ ಅಂಗಡಿ. ಈಗ ಬರುವ ಗಿರಾಕಿಗಳು ಖಣ ಅನ್ನುವುದಿಲ್ಲ. ಮೊಬೈಲ್ ತೆಗೆದು ಚಿತ್ರ ತೋರಿಸುತ್ತಾರೆ. ಇದು ಟೀವಿ ಗೋಡೆ, ಇದು ದೊಡ್ಡ ಮಗನ ಬೆಡ್‌ರೂಮು, ಇದು ಡೈನಿಂಗ್ ಟೇಬಲ್ಲು ಎಂದು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ತೋರಿಸುತ್ತಾರೆ. ನಾಲ್ಕು ವರ್ಷ ಕಳೆಯುವುದರೊಳಗೆ ಅದೇ ಮನುಷ್ಯ ಬಂದು, "ಆ ಗ್ವಾಡಿ ಒಡಸಾಕತ್ತೇನ್ರಿ, ಮುಂದ ಅಂಗಡಿ ತೆಗಿಬೇಕಂತ ಮಾಡೀನಿ," ಅನ್ನುತ್ತಾನೆ. ಕಟ್ಟುವಾಗಲೂ ನನ್ನ ಅಂಗಡಿ, ಒಡೆದ ಮೇಲೂ ನನ್ನ ಅಂಗಡಿ. ನನಗೇನು ನಷ್ಟ? ಆದರೂ ಊರಿನಲ್ಲಿ ಎಲ್ಲಾದರೂ ಗೋಡೆಗೆ ಹಾರೆ ಬಿದ್ದ ಸಪ್ಪಳ ಕೇಳಿದರೆ ನನ್ನ ಮನಸ್ಸು ಕಲ್ಯಾಣದ ಹಾದಿ ಹಿಡಿದು, ನಮ್ಮ ಅಕ್ಕನ ಕಟ್ಟಡದ ಮುಂದೆ ಹೋಗಿ ನಿಲ್ಲುತ್ತದೆ.

ನಮ್ಮ ಅಕ್ಕನನ್ನು ಕೊಟ್ಟದ್ದು ಎಮ್ಮೆ ಕಾಯುವ ಮನೆತನಕ್ಕೆ. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವಾಗ ಒಂದು ಕಡೆ ರಸ್ತೆ ಸೊಂಟ ತಿರುಗಿಸಿದಂತೆ ತಿರುಗುತ್ತದೆ. ಆ ತಿರುವಿನಲ್ಲೇ ಅವರ ಜಾಗ. ಹಿಂದೆ ಓಣಿ, ಓಣಿಯ ಆಚೆ ಅವರು ಇರುವ ಮನೆ. ರಸ್ತೆಗೆ ಹತ್ತಿದ ಆ ಜಾಗದಲ್ಲಿ ಎಮ್ಮೆಗಳಿಗೊಂದು ಕೊಟ್ಟಿಗೆ ಕಟ್ಟಬೇಕೆಂದು ಮಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಆಸೆ. ಕಲ್ಲು, ಫರಸಿ ನಾನು ಕಳಿಸುವುದು, ಕಟ್ಟುವ ಕೆಲಸಕ್ಕೆ ಕಲ್ಯಾಣದಿಂದ ಒಬ್ಬ ಗೌಂಡಿಯನ್ನು ಕರೆಸುವುದು ಎಂದು ಮಾತಾಯಿತು.

ಆ ಗೌಂಡಿಯನ್ನು ನೋಡಬೇಕಿತ್ತು ನೀವು. ಉದ್ದನೆಯ ಮನುಷ್ಯ, ತಲೆಗೆ ಕೆಂಪು ಟವೆಲು, ಬಾಯಿ ತುಂಬ ಎಲೆ, ಎಲೆಯ ಸಂದಿನಿಂದ ಬಡಾಯಿ. ಸೈಕಲ್ ಇಳಿಯುವ ಮೊದಲೇ, "ಕಲ್ಯಾಣದ ಕಿಲ್ಲಾ ಕಟ್ಟಿದವ್ರು ನಮ್ಮ ಮಂದೀನೇ. ಅವಾಗ ನಾ ಸಣ್ಣಾವ ಇದ್ದೆ," ಎಂದು ಶುರುಮಾಡಿದ. ನೂರಾರು ವರ್ಷದ ಕೋಟೆ ಅದು, ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು. ಅವನು ನಗಲಿಲ್ಲ. ಬಡಾಯಿ ಅವನಿಗೆ ಊಟದ ಜೊತೆಗಿನ ಉಪ್ಪಿನಕಾಯಿ ಇದ್ದಂತೆ, ಅದಿಲ್ಲದೆ ತುತ್ತು ಇಳಿಯುತ್ತಿರಲಿಲ್ಲ.

"ಏನ್ ಕಟ್ಟಬೇಕ್ರಿ?" ಎಂದು ಕೇಳಿದ.

"ಎಮ್ಮಿಗಿ ಕೊಟ್ಟಿಗಿ," ಎಂದರು ಮಾವ.

"ಎಮ್ಮಿ ಎಷ್ಟ್ ವರ್ಷ ಬಾಳ್ತದ?"

"ಚಂದ ಸಾಕಿದ್ರ ಇಪ್ಪತ್ತು ವರ್ಷ ಬಾಳ್ತದ."

"ನಾ ಕಟ್ಟಿದ ಗ್ವಾಡಿ ನಿಮ್ಮ ಮೊಮ್ಮಕ್ಕಳು ಮುದುಕರಾಗೂ ತನಕ ನಿಂತಿರ್ತದ. ಅಲ್ಲೀ ತನಕ ನಿಮ್ಮ ಮನ್ಯಾಗ ಎಮ್ಮೀನೇ ಇರ್ತಾವಂತ ನಂಬಿಗಿ ಅದಯೇನು?"

ಮಾವನಿಗೆ ಸಿಟ್ಟು ಬಂತು. "ಎಮ್ಮಿ ಇರಂಗಿಲ್ಲ ಅಂತ ಅಪಶಕುನ ನುಡಿಯಾಕ ಕರಸೀವೇನು ನಿನ್ನ?"

"ಇರ್ಲ್ರಿ, ಸಾವಿರ ಎಮ್ಮಿ ಆಗ್ಲಿ. ಆದ್ರ ಕೊಟ್ಟಿಗಿ ಅಂತ ಕಟ್ಟಬ್ಯಾಡ್ರಿ. ಐದು ಖಣ ಕಟ್ಟೋಣ. ಅದರಾಗ ಎಮ್ಮಿ ಕಟ್ರಿ, ಆನಿ ಕಟ್ರಿ, ನನಗೇನ್ ಆಗಬೇಕು?"

ಹೀಗೆ ಆ ಕಟ್ಟಡ ಎದ್ದಿತು. ನಾನು ಅಂಗಡಿ ಬಿಟ್ಟು ಆಗಾಗ ಹೋಗಿ ನೋಡಿ ಬರುತ್ತಿದ್ದೆ. ನೋಡಿದಷ್ಟೂ ನೋಡಬೇಕೆನಿಸುವ ಕೆಲಸ. ನಮ್ಮ ಕಡೆಯ ಕೆಂಪು ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ಕುಡಿದಷ್ಟೂ ಗಟ್ಟಿಯಾಗುತ್ತದೆ. ಆ ಕಲ್ಲಿನಿಂದ ಅವನು ಮೊದಲು ದಪ್ಪ ದಪ್ಪ ಕಂಬಗಳನ್ನು ಎಬ್ಬಿಸಿದ. ಒಂದು ಕಂಬದಿಂದ ಇನ್ನೊಂದಕ್ಕೆ ಕಮಾನು ತಿರುಗಿಸಿದ. ಮಾಳಿಗೆಯ ಭಾರವೆಲ್ಲ ಕಂಬದ ಮೇಲೆ, ಕಮಾನಿನ ಮೇಲೆ. ಓಣಿಯ ಕಡೆ ಐದು ಕಮಾನು, ರಸ್ತೆಯ ಕಡೆ ಐದು ಕಮಾನು. ಎಮ್ಮೆ ಹೊಗಲು ಓಣಿಯ ಕಡೆ ಒಂದನ್ನು ತೆರೆದಿಟ್ಟು, ಉಳಿದವನ್ನೆಲ್ಲ ಅದೇ ಕೆಂಪು ಕಲ್ಲಿನಿಂದ ತುಂಬಿದ. ತುಂಬುವಾಗ ಮಾತ್ರ ಸಿಮೆಂಟು ಮುಟ್ಟಲಿಲ್ಲ, ಬರೀ ಮಣ್ಣು. ನನ್ನ ಸಿಮೆಂಟಿನ ಚೀಲಗಳು ಮೂಲೆಯಲ್ಲಿ ಮುನಿಸಿಕೊಂಡು ಕುಳಿತವು.

"ಏನ್ ಕಾಕಾ, ನನ್ನ ವ್ಯಾಪಾರ ಮುಣಗಸಬೇಕಂತ ಮಾಡೀಯೇನು?" ಎಂದು ಕೇಳಿದೆ.

"ಸಾವಕಾರ್ರ, ಇವು ಗ್ವಾಡಿ ಅಲ್ಲ, ಬಾಗಿಲಾ. ಸದ್ಯ ಮಲಗ್ಯಾವ. ಬೇಕಾದಾಗ ಒಂದೊಂದೇ ಕಲ್ಲು ತೆಗೆದು ಎಬ್ಬಸ್ರಿ. ಸಿಮೆಂಟ್ ಹಾಕಿದ್ರ ಹಾರಿ ಹಾಕಿ ಒಡೀಬೇಕಾಗ್ತದ, ಒಡೆಯೂ ಹೊತ್ತಿನಾಗ ಕಂಬ ಅಳ್ಳಾಡ್ತದ."

ಯಾವುದು ಗೋಡೆ, ಯಾವುದು ಮಲಗಿದ ಬಾಗಿಲು ಎಂದು ಮುಂದಿನವರಿಗೆ ತಿಳಿಯಬೇಕಲ್ಲ. ಅದಕ್ಕಾಗಿ ಒಳಗಿನ ಮೈಯಲ್ಲಿ ತುಂಬಿದ ಕಲ್ಲನ್ನು ಗೇಣಿನಷ್ಟು ಹಿಂದಕ್ಕೆ ಸರಿಸಿದ. ಒಳಗೆ ನಿಂತು ನೋಡಿದರೆ ಸಾಲಾಗಿ ಕಮಾನಿನ ಆಕಾರದ ತಗ್ಗುಗಳು. ನೆಲಕ್ಕೆ ಗರಸು ಮೊರಮಿನ ಮೇಲೆ ಫರಸಿ ಹಾಸಿದ, ಅದಕ್ಕೂ ಬರೀ ಮಣ್ಣೇ. ಗಂಜಲ ಹರಿಯುವಷ್ಟು ಇಳುಕಲು ಕೊಟ್ಟ. ನಾಳೆ ಎತ್ತಿ ಸಪಾಟು ಮಾಡಿಕೊಳ್ಳಿರೆಂದ. ಮಾಳಿಗೆಯನ್ನಂತೂ ಮನೆಯ ಮಾಳಿಗೆಯಷ್ಟೇ ಎತ್ತರಕ್ಕೆ ಒಯ್ದ. ಅಕ್ಕ ಸುಮ್ಮನಿರುವ ಹೆಂಗಸಲ್ಲ.

"ಕಾಕಾ, ಇಷ್ಟ್ ಎತ್ತರ ಯಾಕ? ನಮ್ಮ ಎಮ್ಮಿ ಏನ್ ಅಂಗಾತ ಮಲಗಿ ಗರ್ಡರ್ ಎಣಸ್ತಾವೇನು?"

"ಎಣಸಂಗಿಲ್ಲ ಬಾಯಿ," ಎಂದ, ಅಕ್ಕನನ್ನು ಅವನು ಕರೆಯುತ್ತಿದ್ದುದೇ ಹಾಗೆ. "ಆದ್ರ ಬ್ಯಾಸಗ್ಯಾಗ ತಣ್ಣಗ ಮಲಗಿ ನನಗ ದುವಾ ಮಾಡ್ತಾವ. ನಿನ್ನಂಗ ಬೈಯಂಗಿಲ್ಲ."

ಎಮ್ಮೆಗಳು ಬಂದವು, ಚಂದ ಇದ್ದವು. ಅಕ್ಕನ ಮಗಳ ಮದುವೆ ಬಂತು. ಎಮ್ಮೆಗಳನ್ನೆಲ್ಲ ಓಣಿಯ ಆಚೆಗಿನ ಅಂಗಳಕ್ಕೆ ಹೊಡೆದು, ಫರಸಿ ತೊಳೆದು, ಗೋಡೆಗೆ ಸುಣ್ಣ ಬಳಿದು, ಜಮಖಾನೆ ಹಾಸಿ ಬೀಗರನ್ನು ಅಲ್ಲಿಯೇ ಇಳಿಸಿದರು. ಬೀಗರ ಪೈಕಿ ಒಬ್ಬ ಹಿರಿಯಳು ಸುತ್ತಲೂ ನೋಡಿ ಮೂಗು ಏರಿಸಿ, "ಇದು ಕೊಟ್ಟಿಗಿ ಅಲ್ಲೇನ್ರಿ?" ಎಂದಳು.

ಅಕ್ಕ ಚಹಾದ ತಾಟು ಮುಂದೆ ಹಿಡಿದು, "ಇವತ್ತ ಅಲ್ರಿ," ಎಂದಳು.

ಮುಂದೊಂದು ಮಳೆಗಾಲದಲ್ಲಿ ಊರ ಶಾಲೆಯ ಮಾಳಿಗೆ ಸೋರಿ ಮಕ್ಕಳು ಕೂಡಲು ಜಾಗವಿಲ್ಲದಾಯಿತು. ಅಕ್ಕ ಎರಡು ಖಣ ಬಿಟ್ಟುಕೊಟ್ಟಳು. ಮಕ್ಕಳು ಎಮ್ಮೆಗಳ ನಡುವೆ ಹಾದು ಬರಬಾರದೆಂದು ಮಾವ ಓಣಿಯ ಕಡೆಯ ಒಂದು ಕಮಾನಿನ ಕಲ್ಲು ತೆಗೆದರು. ಅರ್ಧ ದಿನದ ಕೆಲಸ. ಈ ಕಡೆ ಮಗ್ಗಿ, ಆ ಕಡೆ ಮೆಲುಕು. ಆ ಶಾಲೆಯ ಮಾಸ್ತರರು ನನ್ನ ಅಂಗಡಿಗೆ ಬಂದಾಗ, "ಹಿಂದಿನ ಸಾಲಿನವು ಭಾಳ ಶಾಂತ ಅದಾವ್ರಿ. ಒಂದೇ ತಕರಾರು, ಹೋಂವರ್ಕ್ ಕೊಟ್ರ ತಿಂದು ಬಿಡ್ತಾವ," ಎಂದು ನಗುತ್ತಿದ್ದರು. ಶಾಲೆ ರಿಪೇರಿಯಾಗಿ ಮಕ್ಕಳು ಹೋದ ಮೇಲೆ ಅದೇ ಕಲ್ಲು ಅದೇ ಮಣ್ಣಿನಲ್ಲಿ ತಿರುಗಿ ಕೂತವು. ಹೋಗಿ ನೋಡಿದೆ, ಗುರುತೇ ಇರಲಿಲ್ಲ. ಇಂಥ ಕಟ್ಟಡಕ್ಕೆ ನೂರು ಸಲ ಕೈ ಮುಗಿಯಬೇಕೆಂದು ಆ ದಿನ ಅನಿಸಿತ್ತು ನನಗೆ.

ಆದರೆ ಮನುಷ್ಯರ ಮನೆಯಲ್ಲಿ ದೇವರೂ ಇರುತ್ತಾರಲ್ಲ.

ಎಮ್ಮೆ ಕಾಯುವ ಮನೆತನದವರ ಕೊಟ್ಟಿಗೆಯಲ್ಲಿ ಲಕ್ಕವ್ವ ಇರಲೇಬೇಕು. ಅಕ್ಕನ ಅತ್ತೆ ಹಳೆಯ ಹಟ್ಟಿಯಿಂದ ತಂದದ್ದು, ಹಳ್ಳದ ನೀರು ಸವೆಸಿದ ನುಣ್ಣನೆಯ ಒಂದು ಕಲ್ಲು. ದಿನವೂ ಕರೆದ ಹಾಲಿನ ಮೊದಲ ಹನಿ ಅವಳಿಗೆ. ದೀಪಾವಳಿಯ ಪಾಡ್ಯದ ದಿನ ಸಗಣಿಯ ಪಾಂಡವರನ್ನು ಮಾಡಿ ಅವಳ ಮುಂದೆ ಕೂಡಿಸಿ, ತಲೆಗೆ ಚೆಂಡುಹೂವು ಚುಚ್ಚುವುದು. ಕಟ್ಟಡ ಮುಗಿದ ಮೊದಲ ದೀಪಾವಳಿಗೆ, ಲಕ್ಕವ್ವನನ್ನು ಎಲ್ಲಿ ಕೂಡಿಸಬೇಕೆಂದು ಅತ್ತೆ ಸೊಸೆ ಇಬ್ಬರೂ ಒಳಗೆ ಬಂದು ಸುತ್ತ ನೋಡಿದರು. ರಸ್ತೆಯ ಕಡೆ, ಕೊನೆಯ ಖಣದಲ್ಲಿ, ಕಣ್ಣ ಮುಂದೆ ಗೇಣು ಆಳದ ಚಂದನೆಯ ಕಮಾನು. ಯಾರೋ ದೇವರಿಗೆಂದೇ ಗೂಡು ಮಾಡಿ ಇಟ್ಟಂತಿತ್ತು. ನಮ್ಮ ಕಡೆಯ ಯಾವ ಹೆಂಗಸಿಗೆ ಅಲ್ಲಿ ದೇವರು ಕಾಣದೆ ಬಾಗಿಲು ಕಂಡೀತು? ತಳದಲ್ಲಿ ಒಂದು ಸಣ್ಣ ಕಟ್ಟೆ ಕಟ್ಟಿ ಲಕ್ಕವ್ವನನ್ನು ಕೂಡಿಸಿಬಿಟ್ಟರು. ವರ್ಷಗಳು ಉರುಳಿ ಅರಿಸಿನ ಕುಂಕುಮ ಎಣ್ಣೆ ಹತ್ತಿ ಆ ಕಮಾನಿಗೆ ಕಮಾನೇ ಗುಡಿಯಾಯಿತು. ಅತ್ತೆ ತೀರಿಕೊಂಡರು. ಅಕ್ಕನ ಗಂಡ, ನಮ್ಮ ಮಾವನೂ ತೀರಿಕೊಂಡರು. ಮೇಯುವ ಜಾಗ ಕಡಿಮೆಯಾಯಿತು, ಅಕ್ಕನ ಮೊಣಕಾಲು ಹಿಡಿದವು. ಎಮ್ಮೆಗಳು ಒಂದೊಂದಾಗಿ ಮಂಠಾಳದ ನೆಂಟರ ಮನೆಗೆ ಹೋದವು. ಐದು ಖಣದಲ್ಲಿ ಲಕ್ಕವ್ವ ಒಬ್ಬಳೇ ಉಳಿದಳು.

ಇನ್ನು ನಮ್ಮ ಅಕ್ಕನ ಸೊಸೆಯ ಮಾತು ಹೇಳಬೇಕು. ಬೇಮಳಖೇಡದ ಮಗಳು. ಮಾತು ಕಡಿಮೆ, ಕೈ ಚುರುಕು. ಅವಳು ಬಡಿದ ಜೋಳದ ಖಡಕ್ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆ ಕಡೆಯ ಮನುಷ್ಯ ಕಾಣಬೇಕು, ಅಷ್ಟು ತೆಳ್ಳಗೆ. ಅಕ್ಕನ ಮಗ ಬೇರೆಯವರ ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಅವಳು ನಸುಕಿನ ಟಂಟಂ ಆಟೋ ಹಿಡಿದು ಮಾಣಿಕನಗರದ ಒಂದು ಖಾನಾವಳಿಗೆ ರೊಟ್ಟಿ ಬಡಿಯಲು ಹೋಗುತ್ತಿದ್ದಳು, ಬರುವುದು ದೀಪ ಹಚ್ಚುವ ಹೊತ್ತಿಗೆ. ಒಂದು ಸಲ ನನ್ನ ಅಂಗಡಿಯ ಮುಂದೆ ಟಂಟಂ ಕಾಯುತ್ತ ನಿಂತವಳು, ಎಂದೂ ಇಲ್ಲದೆ ತಾನಾಗಿಯೇ ಬಾಯಿ ಬಿಟ್ಟಳು.

"ಮಾವಾರ, ನನ್ನ ರೊಟ್ಟಿ ಉಂಡಾವ್ರು ಖಾನಾವಳಿ ಹೆಸರು ಹೇಳ್ತಾರ. ಮನ್ಯಾಗ ನಾ ಒಂದ್ ರೊಟ್ಟಿ ಬಡದು ಎಷ್ಟ್ ದಿನ ಆತೋ. ಅತ್ತಿನೇ ಮಾಡಿ ಇಟ್ಟಿರ್ತಾರ, ನಾ ಬಂದು ಉಂಡು ಮಲಗ್ತೀನಿ. ಸತ್ರದಾಗ ಇದ್ದಂಗ ಆಗ್ಯಾದ."

ಅವಳ ಮನಸ್ಸಿನಲ್ಲಿ ಒಂದು ಲೆಕ್ಕಾಚಾರವಿತ್ತು. ಖಾಲಿ ಬಿದ್ದ ಆ ಐದು ಖಣದಲ್ಲಿ ಒಲೆ ಹೂಡಿ, ಓಣಿಯ ನಾಲ್ಕು ಹೆಂಗಸರನ್ನು ಕೂಡಿಸಿಕೊಂಡು ತಾನೇ ರೊಟ್ಟಿ ಮಾಡಿ ಕಳಿಸುವುದು. ಖಾನಾವಳಿಯ ಮಾಲಕರೂ ಒಪ್ಪಿದ್ದರು. ಅವರದು ಒಂದೇ ಕರಾರು: ಗಾಡಿ ಬಾಗಿಲಿಗೆ ಬಂದು ನಿಂತು ತುಂಬಿಕೊಳ್ಳಬೇಕು. ತಪ್ಪೇನಿಲ್ಲ. ಖಡಕ್ ರೊಟ್ಟಿ ಅಂದರೆ ಗಾಜಿನ ಬಳೆ ಇದ್ದಂತೆ. ಹಿಂದಿನ ಓಣಿಯೋ, ಬರೀ ತಗ್ಗು ದಿನ್ನೆ. ಬುಟ್ಟಿ ಹೊತ್ತು ಆ ಓಣಿ ದಾಟಿ ರಸ್ತೆಗೆ ಬರುವಷ್ಟರಲ್ಲಿ ಅರ್ಧ ಚೂರಾಗಿರುತ್ತದೆ. ದಸರೆಯೊಳಗೆ ಆಗದಿದ್ದರೆ ಬೇರೆ ಊರಿನವರಿಗೆ ಹೇಳುತ್ತೇವೆ ಎಂದು ಮಾಲಕರು ಖಂಡಿತವಾಗಿ ಹೇಳಿದ್ದರು.

ಆ ಭಾನುವಾರ ನಾನು ಹೋದಾಗ ಸೊಸೆ ಕಟ್ಟಡದೊಳಗೆ ಕುಕ್ಕರುಗಾಲಲ್ಲಿ ಕೂತು ರಂಗೋಲಿ ಹಿಟ್ಟಿನಿಂದ ಫರಸಿಯ ಮೇಲೆ ಗೆರೆ ಎಳೆಯುತ್ತಿದ್ದಳು. ಮೊದಲ ಖಣದಲ್ಲಿ ಹಿಟ್ಟು, ನೀರು. ಎರಡನೆಯದರಲ್ಲಿ ಹಿಟ್ಟು ನಾದುವ ಕೊಣಮಿಗೆ, ಬಡಿಯುವ ಹೆಂಗಸರು. ಮೂರನೆಯದರಲ್ಲಿ ಒಲೆಗಳು, ಹೊಗೆ ಹೋಗಲು ಓಣಿಯ ಕಡೆಯ ಕಮಾನಿನ ಮೇಲಿನ ಕಲ್ಲು ತೆಗೆಯುವುದು. ನಾಲ್ಕನೆಯದರಲ್ಲಿ ರೊಟ್ಟಿ ಆರಿ ಗರಿಯಾಗಲು ಗೋಡೆಗುಂಟ ಸಾಲು. ಐದನೆಯದರಲ್ಲಿ ಜೋಡಿಸಿ ಕಟ್ಟುವುದು. ಹಿಟ್ಟು ಈ ತುದಿಯಿಂದ ಹೊಕ್ಕು ರೊಟ್ಟಿಯಾಗಿ ಆ ತುದಿಗೆ ಹೊರಬೀಳಬೇಕು, ಯಾರೂ ಯಾರಿಗೂ ಅಡ್ಡ ಬರಬಾರದು. ನಾನು ದಂಗಾಗಿ ನಿಂತೆ. ನನ್ನ ಅಂಗಡಿಗೆ ಬಂದ ಎಷ್ಟು ನಕ್ಷೆಗಳನ್ನು ನೋಡಿದ್ದೇನೆ! ಇಷ್ಟು ತಿಳಿಯಾದದ್ದು ಕಂಡಿರಲಿಲ್ಲ. ಬಿಳಿಯ ಗೆರೆ ನೆಟ್ಟಗೆ ಹೋಗಿ ಐದನೆಯ ಖಣದ ರಸ್ತೆಯ ಕಡೆಯ ಕಮಾನಿಗೆ ಮುಟ್ಟಿ ನಿಂತಿತ್ತು. ಅಲ್ಲಿ ಲಕ್ಕವ್ವ.

ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅದು ಬಿಟ್ಟು ಬ್ಯಾರೆ ಕಮಾನ್ ಇಲ್ಲೇನು?" ಎಂದಳು.

ಇರಲಿಲ್ಲ. ರಸ್ತೆ ತಿರುಗಿದ ಕಡೆ ಕಟ್ಟಡವಿದ್ದುದರಿಂದ ಗಾಡಿ ಹತ್ತಿರ ಬರುವುದು ಕೊನೆಯ ಎರಡು ಖಣಕ್ಕೆ ಮಾತ್ರ. ನಾಲ್ಕನೆಯ ಖಣದ ಮುಂದೆ ಕರೆಂಟಿನ ಟೀಸಿ, ಅಂದರೆ ಟ್ರಾನ್ಸ್‌ಫಾರ್ಮರು, ಎರಡು ಕಂಬಗಳ ಮೇಲೆ ಕಾಲೂರಿ ಕೂತಿತ್ತು.

"ಕುಂತ ದೇವ್ರನ್ನ ಯಾರ್ ಎಬ್ಬಸ್ತಾರವ್ವಾ?" ಎಂದು ಅಕ್ಕ ಸೆರಗು ಹೊದ್ದು ಹೊರಟುಹೋದಳು.

ನಾನು ಕಲ್ಯಾಣಕ್ಕೆ ಹೇಳಿಕಳಿಸಿ ಗೌಂಡಿಯನ್ನು ಕರೆಸಿದೆ. ಬೇರೆ ದಾರಿ ಅವನಿಗೇ ಗೊತ್ತಿರಬೇಕೆಂದು ನನ್ನ ನಂಬಿಕೆ. ಮುದುಕನಾಗಿದ್ದ, ಯಾರದೋ ಬೈಕಿನ ಹಿಂದೆ ಕೂತು ಬಂದ. ಟವೆಲು ಅದೇ ಕೆಂಪು, ಹಲ್ಲು ಮಾತ್ರ ಅರ್ಧ. ಒಳಗೆ ಬಂದು ಕಂಬಗಳನ್ನು ದನದ ಬೆನ್ನು ಸವರಿದಂತೆ ಸವರಿದ. ಮೇಲೆ ನೋಡಿದ. ಕೊನೆಗೆ ಲಕ್ಕವ್ವನ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತು ಗಹಗಹಿಸಿ ನಕ್ಕ.

"ಯಾ ಅಲ್ಲಾ! ಬಾಯಿ, ನಾ ರಸ್ತಾಕ ಬಾಗಿಲಾ ಬಿಟ್ರ ನೀ ದೇವ್ರನ್ನ ಕುಂದರಸೀಯಲ್ಲ!"

"ಗೂಡಿನಂಗ ಇತ್ತು, ಕುಂದರಸಿದ್ವಿ. ಬಾಗಿಲಾ ಅಂತ ನೀ ಹೇಳಬೇಕಿತ್ತು."

"ಹೇಳೀನಿ! ನಿನ್ನ ಗಂಡಗ ಹೇಳೀನಿ. ಇಲ್ಲಿ ನಿಂತಾರ ನೋಡು, ನಿನ್ನ ತಮ್ಮಗ ಹೇಳೀನಿ."

"ಗಂಡಸರ ಕಿವ್ಯಾಗ ಹೇಳಿದ್ರ ಹೆಂಗಸರಿಗಿ ಮುಟ್ತದೇನು? ನೀ ಸಂಸಾರ ಮಾಡಿಯೋ ಇಲ್ಲೋ?"

ಗೌಂಡಿ ತಲೆಯ ಟವೆಲು ತೆಗೆದು ಮುಖ ಒರೆಸಿಕೊಂಡ. "ಖರೇ ಅದ ಬಾಯಿ," ಎಂದ ಮೆಲ್ಲಗೆ. "ಕಟ್ಟಿಸಿದವಗ ಹೇಳಿದೆ, ಬಾಳೂವರಿಗಿ ಹೇಳಲಿಲ್ಲ."

ಆಮೇಲೆ ಅವನು ಒಂದು ಉಪಾಯ ಹೇಳಿದ. ಕಮಾನು ಎತ್ತರ ಇದೆ. ಕೆಳಗೆ ಬಾಗಿಲು ತೆಗೆದು, ಮೇಲೆ ಅರ್ಧ ಚಂದ್ರದಷ್ಟು ಜಾಗದಲ್ಲಿ ಲಕ್ಕವ್ವನನ್ನು ಕೂಡಿಸಬಹುದು ಎಂದ.

"ಮಂದಿ ತಲಿ ಮ್ಯಾಲ ನಮ್ಮವ್ವ ಪಾರಿವಾಳದಂಗ ಕುಂದರಬೇಕೇನು? ದೀಪ ಹಚ್ಚಾಕ ನಾ ಈ ಮೊಣಕಾಲ್ ತಗೊಂಡು ನಿಚ್ಚಣಿಕಿ ಏರಬೇಕೇನು?"

ಅಲ್ಲಿಗೆ ಆ ಮಾತೂ ಮುಗಿಯಿತು. ಸೊಸೆ ಮೂಲೆಯಿಂದ ಕಸಬರಿಗೆ ತಂದಳು. "ಇರ್ಲಿ ಬಿಡ್ರಿ ಅತ್ತಿ. ದೇವ್ರನ್ನ ನೋಯಿಸಿ ಒಲಿ ಹಚ್ಚೂದು ನನಗೂ ಬ್ಯಾಡ. ಟಂಟಂ ಅಂತೂ ದಿನಾ ಬರ್ತದ," ಎಂದು ಬಗ್ಗಿ ಐದನೆಯ ಖಣದ ರಂಗೋಲಿ ಗುಡಿಸತೊಡಗಿದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು ಕೇಳುವುದಕ್ಕೆ.

"ತಡಿ," ಎಂದಳು ಅಕ್ಕ. "ನಾ ಅಲ್ಲ ಅಂದೀನಿ, ಲಕ್ಕವ್ವ ಎಲ್ಲಿ ಅಂದಾಳ? ಆಕೀನೇ ಕೇಳೋಣ. ಶುಕ್ರವಾರ ಬರ್ರಿ ಇಬ್ಬರೂ."

ಹೂವಿನ ಮೇಲೆ ದೇವರನ್ನು ಕೇಳುವುದು ನಮ್ಮಲ್ಲಿ ಹಿಂದಿನಿಂದ ನಡೆದು ಬಂದದ್ದು. ದೇವರಿಗೆ ನೀರೆರೆದು, ಒದ್ದೆ ಮೈಯ ಎಡಕ್ಕೊಂದು ಬಲಕ್ಕೊಂದು ಹೂವಿನ ಎಸಳು ಹಚ್ಚುವುದು. ಮನಸ್ಸಿನಲ್ಲಿದ್ದುದನ್ನು ಕೇಳುವುದು. ಬಲದ ಎಸಳು ಬಿದ್ದರೆ ಹೌದು, ಎಡದ್ದು ಬಿದ್ದರೆ ಇಲ್ಲ. ಎರಡೂ ಬೀಳದಿದ್ದರೆ ಕೂತು ಕಾಯುವುದು, ದೇವರಿಗೆ ಅವಸರ ಮಾಡಬಾರದು.

ಶುಕ್ರವಾರ ಬೆಳಗ್ಗೆ ಹೋದೆ. ಅಕ್ಕ ತಲೆಗೆ ನೀರು ಹಾಕಿಕೊಂಡು ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಸೊಸೆ ಅಂದು ಖಾನಾವಳಿಗೆ ಹೋಗದೆ ಉಳಿದಿದ್ದಳು. ಗೌಂಡಿ ತನ್ನದಲ್ಲದ ಪೂಜೆಗೆ ಮರ್ಯಾದೆ ಕೊಟ್ಟು ಚಪ್ಪಲಿ ಹೊರಗೆ ಬಿಟ್ಟು, ದೂರದ ಖಣದಲ್ಲಿ ಕಂಬಕ್ಕೆ ಒರಗಿ ಕೂತಿದ್ದ. ಅಕ್ಕ ಸೇವಂತಿಗೆಯ ಎಸಳು ಹಚ್ಚಿ ಕೈಮುಗಿದು ಗಟ್ಟಿಯಾಗಿ ಕೇಳಿದಳು.

"ಅವ್ವಾ, ನನ್ನ ಸೊಸಿ ಬಾಗಿಲಾ ಬೇಡಾಕತ್ತಾಳ. ನೀ ಇಲ್ಲಿಂದ ಎದ್ದು ಹೋಗ್ತಿಯೇನು?"

ಕಾದೆವು. ಹೊರಗೆ ಒಂದು ಲಾರಿ ಹೋಯಿತು. ಎಡದ ಎಸಳು ಜಾರಿ ಕೆಳಗೆ ಬಿತ್ತು.

ಸೊಸೆ ಗೋಡೆಯ ಕಡೆ ಮುಖ ತಿರುಗಿಸಿದಳು. ಗೌಂಡಿ ಏಳಲು ನೆಲಕ್ಕೆ ಕೈ ಊರಿದ. ಅಕ್ಕ ಮಾತ್ರ ಕೂತಲ್ಲಿಂದ ಕದಲಲಿಲ್ಲ. ಬಿದ್ದ ಎಸಳನ್ನು ಕೈಯಲ್ಲಿ ಹಿಡಿದು ಹೊರಳಿಸಿ ನೋಡಿದಳು. ಆಮೇಲೆ ತನ್ನ ಹಣೆಗೆ ತಾನೇ ತಟ್ಟಿಕೊಂಡಳು.

"ನಾ ಕೇಳಿದ ರೀತಿನೇ ಸರಿ ಇಲ್ಲ. ಎದ್ದು ಹೋಗ್ತಿಯೇನು ಅಂತ ಕೇಳಿದ್ರ ಯಾರ್ ಹ್ಞೂಂ ಅಂತಾರ? ನನಗ ಯಾರರೆ ಹಂಗ ಕೇಳಿದ್ರ ನಾ ಹೋಗ್ತಿದ್ನೇನು?"

ಸೊಸೆ ಈ ಕಡೆ ತಿರುಗಿದಳು. ಅಕ್ಕ ಇನ್ನೊಮ್ಮೆ ನೀರೆರೆದಳು, ಹೊಸ ಎಸಳು ಹಚ್ಚಿದಳು. ಈ ಸಲ ಧ್ವನಿ ತಗ್ಗಿಸಿ, ಪಕ್ಕದ ಮನೆಯವಳ ಜೊತೆ ಮಾತಾಡಿದಂತೆ ಮಾತಾಡಿದಳು.

"ಅವ್ವಾ, ಎಮ್ಮಿ ಹ್ವಾದುವು. ನಿನಗ ಒಂದ್ ಹನಿ ಹಾಲ್ ಹಾಕಿ ವರ್ಷ ಆತು. ನೀ ಒಬ್ಬಾಕೀನೇ ಇಲ್ಲಿ ಗ್ವಾಡಿ ನೋಡ್ಕೋತ ಕುಂತೀದಿ, ನಾ ಆ ಮನ್ಯಾಗ ಒಬ್ಬಾಕೀನೇ ಗ್ವಾಡಿ ನೋಡ್ಕೋತ ಕುಂತೀನಿ. ಸೊಸಿ ಇಲ್ಲಿ ಒಲಿ ಹಚ್ಚಾಕತ್ತಾಳ, ಮಂದಿ ಬರ್ತಾರ, ಮಾತು ಆಗ್ತಾವ. ಒಲಿ ಬಾಜೂಕ ಬಂದು ಕುಂದರ್ತಿಯೇನು? ದಿನಾ ಮೊದಲನೇ ರೊಟ್ಟಿ ನಿಂದು. ಬೆಣ್ಣಿ ಹಚ್ಚಿ ಕೊಡ್ತೀನಿ."

ಗಾಳಿ ಬಂತೋ, ನೀರು ಆರಿತೋ ನಾನರಿಯೆ. ಅದನ್ನು ಕೇಳುವ ಮನುಷ್ಯನೂ ನಾನಲ್ಲ. ಬಲದ ಎಸಳು ಬಿದ್ದದ್ದನ್ನು ಮಾತ್ರ ಈ ಕಣ್ಣಿನಿಂದ ನೋಡಿದೆ. ಅಕ್ಕ, "ಬಾ ಮತ್ತ," ಎಂದು ಕಲ್ಲನ್ನು ಎತ್ತಿ ಉಡಿಯಲ್ಲಿ ಹಾಕಿಕೊಂಡಳು. ಮೊಣಕಾಲು ನೋವು ಮರೆತವಳಂತೆ ಎದ್ದು ನಿಂತಳು. ಸೊಸೆ ಓಡಿ ಹೋಗಿ ತಂಬಿಗೆ ತಂದು ಅತ್ತೆಯ ಹೆಜ್ಜೆಯ ಮುಂದೆ ನೀರು ಹಾಕುತ್ತ ಹಾಕುತ್ತ ಮೂರನೆಯ ಖಣದ ತನಕ ನಡೆದಳು. ಬಾಣಂತಿಯನ್ನೂ ಮಗುವನ್ನೂ ಮನೆಯೊಳಗೆ ಕರೆದುಕೊಂಡಂತೆ ಇತ್ತು ಅದು.

ಕಟ್ಟಡ ಬದಲಾಗುವಂತೆ ಕಟ್ಟುವುದು ಜಾಣತನವೇ. ನಾನು ಆ ಗೌಂಡಿಯನ್ನು ಇವತ್ತಿಗೂ ಹೊಗಳುತ್ತೇನೆ. ಆದರೆ ಆ ದಿನ ನಾನು ನೋಡಿದ್ದು ಅದಕ್ಕಿಂತ ಒಂದು ಕೈ ಮೇಲು. ಕಂಬ ಕಮಾನುಗಳನ್ನು ಮುಂಚೆಯೇ ಲೆಕ್ಕ ಹಾಕಿ ಇಡಬಹುದು. ಎಪ್ಪತ್ತು ದಾಟಿದ ಹೆಂಗಸು ಕೂತಲ್ಲೇ ಕೂತು, ದೇವರಿಗೆ ಕೇಳಿದ ಮಾತನ್ನೇ ತಿರುಗಿಸಿ ಕೇಳುತ್ತಾಳೆಂದು ಯಾವ ನಕ್ಷೆಯಲ್ಲಿ ಬರೆಯುವುದು?

ಆ ಮಧ್ಯಾಹ್ನವೇ ಕಮಾನು ಬಿಚ್ಚಿದರು. ಗೌಂಡಿ ಯಾರಿಗೂ ಹಾರೆ ಮುಟ್ಟಲು ಬಿಡಲಿಲ್ಲ. ಡಬ್ಬಿಯ ಮೇಲೆ ಕೂತು, "ಮ್ಯಾಲಿಂದು ಮೊದಲು. ಹ್ಞಾಂ, ಕೈಲೆ ಎಳಿ. ಹಲ್ಲು ಕಿತ್ತಂಗ ಅಲ್ಲೋ, ಹಣ್ಣು ಹರದಂಗ," ಎಂದು ಅಕ್ಕನ ಮಗನಿಗೆ ಹೇಳುತ್ತಿದ್ದ. ಮಣ್ಣು ಪುಡಿಪುಡಿಯಾಗಿ ಉದುರುತ್ತಿತ್ತು. ಕಲ್ಲು ಒಂದೊಂದೇ ಇಡಿಯಾಗಿ ಹೊರಗೆ ಬಂದವು. ಮೇಲಿನ ನಾಲ್ಕು ಕಲ್ಲು ತೆಗೆದ ಕೂಡಲೇ ರಸ್ತೆಯ ಬೆಳಕು ಓರೆಯಾಗಿ ಒಳಗೆ ನುಗ್ಗಿ ಐದೂ ಖಣ ದಾಟಿ ಆ ತುದಿಯ ಗೋಡೆಗೆ ಬಡಿಯಿತು. ಇಷ್ಟು ವರ್ಷ ಆ ಕಟ್ಟಡ ನೋಡಿದ್ದೆ, ಅದು ಅಷ್ಟು ಉದ್ದವಿದೆಯೆಂದು ನನಗೆ ತಿಳಿದಿರಲಿಲ್ಲ. ಕೊನೆಯ ಕಲ್ಲು ತೆಗೆದಾಗ ಗೌಂಡಿ ಎದ್ದು ಬರಿಯ ಕಮಾನಿನ ಕೆಳಗೆ ನಿಂತು ಕಂಬಕ್ಕೆ ಬೆನ್ನು ಕೊಟ್ಟು ಒಮ್ಮೆ ಒತ್ತಿದ. ಒಂದು ಕೂದಲೆಳೆ ಬಿರುಕಿಲ್ಲ.

"ನೋಡ್ರಿ ಸಾವಕಾರ್ರ," ಎಂದ. "ಕಿಲ್ಲಾ ಕಟ್ಟಿದ್ದು ಸುಳ್ಳು. ಇದು ಮಾತ್ರ ಖರೇ."

ತೆಗೆದ ಕಲ್ಲಿನಿಂದಲೇ ಸೊಸೆ ಒಲೆಯ ಕಟ್ಟೆಗಳನ್ನು ಕಟ್ಟಿಸಿದಳು. ಇಳುಕಲಿದ್ದ ಫರಸಿ ಎತ್ತಿಸಿ ಸಪಾಟಾಗಿ ಕೂಡಿಸಿದಳು. ರಸ್ತೆಯ ಬದಿಯ ಗಟಾರಕ್ಕೆ ಹಾಸಲು ಎರಡು ದೊಡ್ಡ ಫರಸಿ ನಾನು ಕಳಿಸಿದೆ. ದಸರೆಗೆ ಇನ್ನೂ ದಿನವಿತ್ತು.

ರೊಟ್ಟಿ ಕಳಿಸುವ ಮೊದಲ ದಿನ ನಾನು ಹೋಗಿ ಮುಟ್ಟುವಷ್ಟರಲ್ಲಿ ಒಳಗೆ ತಪತಪ ಸಪ್ಪಳ ನಡೆದಿತ್ತು. ಓಣಿಯ ಹೆಂಗಸರು ಬಡಿಯುತ್ತಿದ್ದರು, ಅಕ್ಕ ಒಲೆಯ ಪಕ್ಕ ಮಣೆ ಹಾಕಿಕೊಂಡು, ಲಕ್ಕವ್ವನಿಗೆ ಒರಗಿ ಕೂತಂತೆ ಕೂತು, "ಅಂಚು ಕರಕಾತು, ತಿರವಿ ಹಾಕ್ರಿ, ಮಾತಿನಾಗ ರೊಟ್ಟಿ ಸುಡ್ಬ್ಯಾಡ್ರಿ," ಎಂದು ಕಾರಭಾರ ಮಾಡುತ್ತಿದ್ದಳು. ಐದನೆಯ ಖಣದಲ್ಲಿ ಹಿಂದಿನ ದಿನ ಬಡಿದು ಆರಿಸಿದ ರೊಟ್ಟಿಯ ಕಟ್ಟುಗಳು ಸೊಸೆಯ ಸೊಂಟದೆತ್ತರಕ್ಕೆ ಏರಿದ್ದವು. ಅಷ್ಟರಲ್ಲಿ ದಿನದ ಟಂಟಂ ಬಂದು ಕಮಾನಿನ ಮುಂದೆ ನಿಂತಿತು. ಅದೇ ಗಾಡಿಯವನಿಗೆ ಖಾನಾವಳಿಯವರು ಹೇಳಿದ್ದರಂತೆ, ಅವನಿಗೆ ಮಾತ್ರ ಇನ್ನೂ ರೂಢಿ ತಪ್ಪಿರಲಿಲ್ಲ. ಹಾರ್ನ್ ಹೊಡೆದು ಕೂಗಿದ.

"ವೈನಿ, ಬರ್ರಿ ಲಗೂನ! ಹೊತ್ತಾತು, ಸೀಟ್ ತುಂಬಾಕತ್ತಾವ!"

ಸೊಸೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊದಲ ಕಟ್ಟನ್ನು ಎರಡೂ ಕೈಯಿಂದ ಎತ್ತಿ ಅವನ ಪಕ್ಕದ ಸೀಟಿನ ಮೇಲೆ ಇಟ್ಟಳು.

"ನಾ ಬರಂಗಿಲ್ಲ ಅಣ್ಣಾ. ಇವತ್ತಿಂದ ರೊಟ್ಟಿ ಬರ್ತಾವ. ಮೆಲ್ಲಗ ಹೊಡಿ. ಒಂದು ಮುರೀತು ಅಂದ್ರ ನಿನ್ನ ಇಲ್ಲೇ ಕುಂದರಿಸಿ ಹತ್ತು ಬಡಸ್ತೀನಿ."